ಅಕ್ಕಿಯ ಮೇಲೆ ಬರೆದ ಹೆಸರು

ಅಜನಿ ರೈಲ್ವೆ ಕಾಲನಿ, ನಾಗಪುರ
೧೨ ಆಗಸ್ಟ್ ೧೯೫೬

ವೇಣಿ,

ಮೊದಲು ಕ್ಷೇಮ ಸಮಾಚಾರ ಬರೆ ಅಂತ ಅವ್ವ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಾಳೆ. ಬರೆದೆ ಅಂದುಕೋ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಅಪ್ಪನ ಗೂಡ್ಸ್ ಆಫೀಸು ಹಾಗೇ ಇದೆ. ನಾನೊಬ್ಬಳು ಮಾತ್ರ ಹಾಗೇ ಇಲ್ಲ.

ನೀನು ಮದುವೆಯಾಗಿ ಹೋಗಿ ಮೂರು ತಿಂಗಳಾಯಿತು. ಹದಿನೈದನೇ ನಂಬರಿನ ನಿಮ್ಮ ಬಾಗಿಲಿಗೆ ಹೆಚ್ಚು ದಿನ ಬೀಗವೇ. ನಿಮ್ಮಪ್ಪ, ನರಹರಿ ಕಾಕಾ, ಗಾರ್ಡ್ ಡ್ಯೂಟಿಗೆ ಭುಸಾವಳಕ್ಕೆ ಹೋದರೆ ಎರಡು ದಿನ ಬರುವುದಿಲ್ಲ. ಬಂದರೂ ಊಟ ಮಾಡಿ ಮಲಗಿಬಿಡುತ್ತಾರೆ. ಬೆಳಿಗ್ಗೆ ನಳದ ಕೆಳಗೆ ಕೊಡ ಇಟ್ಟು ಒಂದೊಂದು ಸಲ ನಿನ್ನನ್ನು ಕರೆಯಲು ಬಾಯಿ ತೆರೆಯುತ್ತೇನೆ. ಕೊಡ ತುಂಬಿ ಚೆಲ್ಲಿದಾಗ ನೆನಪಾಗುತ್ತದೆ. ಆ ನಳದ ಗೋಡೆಯ ಮೇಲೆ ನಾವು ಹಚ್ಚುತ್ತಿದ್ದ ‘ಕ್ವಾರ್ಟರ್ಸ್ ಸಮಾಚಾರ’ದ ಅಂಟಿನ ಕಲೆ ಇನ್ನೂ ಇದೆ. ನೀನು ಸಂಪಾದಕಿ, ನಾನು ಸಹಾಯಕಿ. ಬರೆಯುವುದೆಲ್ಲ ನಿನ್ನದು, ಅಂಟು ಕುದಿಸುವುದು ನನ್ನದು. ಯಾರ ಮನೆಯ ಬೆಕ್ಕು ಮರಿ ಹಾಕಿತು, ಯಾರ ಮನೆಗೆ ಬೀಗರು ಬಂದರು, ಯಾರು ಯಾರ ಕಲ್ಲಿದ್ದಲು ಕದ್ದರು. ಹತ್ತು ವರ್ಷದ ಹುಡುಗಿ ಬರೆದದ್ದನ್ನು ಇಡೀ ಸಾಲು ನಿಂತು ಓದುತ್ತಿತ್ತು.

ಈಗ ಸುದ್ದಿ ಕೇಳು. ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳದೇ ಒಂದು ಮರಾಠಿ ಪತ್ರಿಕೆ ಇದೆ, ‘ಓಸರಿ’ ಅಂತ. ಹೆಸರಿಗೆ ಜಗಲಿ, ಆದರೆ ಹುಡುಗಿಯರು ಯಾರೂ ಆ ಜಗಲಿ ಹತ್ತಿಲ್ಲ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಸೀತಾಬರ್ಡಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಸಿಬ್ಬಂದಿ ಬೇಕು ಅಂತ ಬೋರ್ಡಿನ ಮೇಲೆ ಚೀಟಿ ಹಚ್ಚಿದ್ದರು. ಮೂರು ದಿನ ಆ ಚೀಟಿಯ ಮುಂದೆ ಸುಮ್ಮನೆ ಹಾದುಹೋದೆ. ನಾಲ್ಕನೇ ದಿನ ಒಳಗೆ ಹೊಕ್ಕೇ ಬಿಟ್ಟೆ. ಐದು ಜನ ಹುಡುಗರು ಒಂದು ಮೇಜಿನ ಸುತ್ತ ಕೂತು ಜೋರಾಗಿ ವಾದ ಮಾಡುತ್ತಿದ್ದರು. ನನ್ನನ್ನು ಕಂಡು ಎಲ್ಲರೂ ಗಪ್‌ಚಿಪ್. ಸಂಪಾದಕನ ಹೆಸರು ಘಾಟೆ, ಎಂ.ಎ. ಓದುತ್ತಾನೆ, ಧರಮಪೇಠದವನು. ನನ್ನ ಹೆಸರು ಕೇಳಿದ. ವಸುಧಾ ಹುಯಿಲಗೋಳ ಅಂದೆ. ಮೂರು ಸಲ ಹೇಳಿಸಿ, ನಾಲಿಗೆ ಹೊರಳದೆ, ಕೊನೆಗೆ ‘ವಸುಧಾ ಎಚ್.’ ಅಂತ ಬರೆದುಕೊಂಡ. ಮಹಿಳಾ ವಿಭಾಗ ಖಾಲಿ ಇದೆ ಅಂದ. ಹೀಗೆ ನಾನು ಪತ್ರಿಕೆಯ ಸಿಬ್ಬಂದಿ. ಮೊದಲ ಕೆಲಸ, ಶೇಂಗಾ ಚಟ್ನಿ ಮಾಡುವ ವಿಧಾನ ಬರೆಯುವುದು.

ನಗಬೇಡ. ನೀನು ಇದ್ದಿದ್ದರೆ ನಾನು ಆ ಕೋಣೆಗೆ ಹೋಗುತ್ತಲೇ ಇರಲಿಲ್ಲ.

ವಿಳಾಸದ ಮೇಲೆ ‘ಸೌ. ರಮಾಬಾಯಿ’ ಅಂತ ಬರೆಯಲು ಕೈ ಬರುವುದಿಲ್ಲ. ಆ ಹೆಸರು ಯಾಕೆ, ಹೇಗೆ ಇಟ್ಟರು ಅಂತ ನೀನು ಹೇಳಲೇ ಇಲ್ಲ. ಪೂರ್ತಿ ಬರೆ. ಹೋದ ಸಲದ ಹಾಗೆ ಮೂರು ಗೆರೆ ಬರೆದರೆ ನಾನು ಓದುವುದಿಲ್ಲ.

ನಿನ್ನ ಹಳೆಯ ಸಹಾಯಕಿ,
ವಸು

*

ಶಹಾಪುರ, ಬೆಳಗಾವಿ
೩೦ ಆಗಸ್ಟ್ ೧೯೫೬

ವಸು,

ನೀನು ಶೇಂಗಾ ಹುರಿದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಆ ಕಾಲೇಜಿನ ಮಂದಿಯ ಹೊಟ್ಟೆ ದೇವರೇ ಕಾಯಬೇಕು.

ಯಾವಾಗಲೂ ಕನ್ನಡದಲ್ಲೇ ಬರೆ. ಅತ್ತೆ ಕಾಶಿಬಾಯಿ ಮಾತಾಡುವುದು ಕನ್ನಡ, ಓದಲು ಬರುವುದು ಮರಾಠಿ ಮಾತ್ರ. ಅವರು ಕಲಿತದ್ದು ಮರಾಠಿ ಸಾಲಿಯಲ್ಲಂತೆ. ಓದುವ ಹುಚ್ಚು ಬಹಳ. ಕಿರಾಣಿ ಅಂಗಡಿಯಿಂದ ಜೀರಿಗೆ ಕಟ್ಟಿಕೊಂಡು ಬಂದ ಕಾಗದವನ್ನೂ ತೊಡೆಯ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡಿ, ತೂಗುಮಂಚದ ಮೇಲೆ ಕೂತು ಪೂರ್ತಿ ಓದಿ, ಆಮೇಲೇ ಒಲೆಗೆ ಹಾಕುತ್ತಾರೆ. ನಿನ್ನ ಪತ್ರವನ್ನೂ ತಿರುಗಿಸಿ ನೋಡಿದರು. “ಏನ ಬರದಾಳವಾ ನಿನ್ನ ಗೆಳತಿ?” ಅಂದರು. “ಅವರ ಅವ್ವನ ಮೊಣಕಾಲು ನೋಯತದಂತ್ರೀ” ಅಂದೆ. ಸುಳ್ಳೇನಲ್ಲ.

ಇವರು ಬೆಳಿಗ್ಗೆ ಕಚೇರಿಗೆ ಹೋದರೆ ಬರುವುದು ಸಂಜೆ. ಒಳ್ಳೆಯವರು, ಮಾತು ಕಡಿಮೆ. ಇಡೀ ದಿನ ಮನೆಯಲ್ಲಿ ನಾನು, ಅತ್ತೆ, ಆ ತೂಗುಮಂಚದ ಕಿರ್ರ್ ಕಿರ್ರ್.

ಹೆಸರಿನ ವಿಷಯ ಕೇಳಿದ್ದೀ. ಮನೆ ತುಂಬಿಸಿಕೊಂಡ ದಿನ ಬೆಳ್ಳಿಯ ತಾಟಿನಲ್ಲಿ ಅಕ್ಕಿ ಹರವಿ, ಇವರ ಕೈಗೆ ಉಂಗುರ ಕೊಟ್ಟು, ಅದರಿಂದ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಯಾರೋ ಗಟ್ಟಿಯಾಗಿ ಓದಿದಾಗ ತಿಳಿಯಿತು, ನಾನು ರಮಾ ಅಂತ. ಎಲ್ಲರಿಗೂ ಸಕ್ಕರೆ ಹಂಚಿದರು. ಅತ್ತೆ ಆ ತಾಟನ್ನು ಒಳಗೆ ಒಯ್ದು ಅಕ್ಕಿಯನ್ನು ಡಬ್ಬಿಗೆ ಸುರಿದರು. ಮರುದಿನ ಅದೇ ಡಬ್ಬಿಯಿಂದ ಅಕ್ಕಿ ತೆಗೆದು ಅನ್ನ ಮಾಡಿದವಳು ನಾನೇ. ನನ್ನ ಹೊಸ ಹೆಸರನ್ನು ಎಲ್ಲರೂ ಸಾರಿನ ಜೊತೆ ಉಂಡರು. ಹಳೆಯದು ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.

ಈ ರಮಾ ಯಾರೋ ನನಗೆ ಗೊತ್ತಿಲ್ಲ. ಪಂಚಾಂಗ ತೆರೆದು ಆರಿಸಿರಬೇಕು. ಅತ್ತೆ ದಿನಕ್ಕೆ ನಲವತ್ತು ಸಲ ಕರೆಯುತ್ತಾರೆ. ರಮಾ, ಹಾಲು ಇಳಿಸು. ರಮಾ, ಬಾಗಲಾ ಹಾಕು. ಕೆಲಸ ಇಲ್ಲದಿದ್ದರೂ ಕರೆಯುತ್ತಾರೆ. ಓ ಅಂದರೆ ಏನೂ ಇಲ್ಲ ಅನ್ನುತ್ತಾರೆ. ಮೊದಮೊದಲು ಅವರು ಕರೆದಾಗ ಯಾರು ಬರುತ್ತಾರೋ ಅಂತ ನಾನೂ ಬಾಗಿಲ ಕಡೆ ನೋಡುತ್ತಿದ್ದೆ. ಈಗ ಎದ್ದು ಹೋಗುತ್ತೇನೆ. ಅದೇ ನನಗೆ ಹೆದರಿಕೆ.

ಮಧ್ಯಾಹ್ನ ಅವರು ಮಲಗಿದಾಗ ಹಿತ್ತಲ ಬಾವಿಯ ಹತ್ತಿರ ಹೋಗಿ ನನ್ನ ಹೆಸರನ್ನು ನಾನೇ ಒಂದು ಸಲ ಅನ್ನುತ್ತೇನೆ, ಮೆಲ್ಲಗೆ.

ಇದು ನಿನಗೊಬ್ಬಳಿಗೆ ಬರೆದದ್ದು. ಓದಿ ಹರಿದುಹಾಕು.

ವೇಣಿ

*

ನಾಗಪುರ
೨೧ ಅಕ್ಟೋಬರ್ ೧೯೫೬

ವೇಣಿ,

ನಿನ್ನ ಪತ್ರ ಹರಿಯಲು ಆಗಲಿಲ್ಲ. ಪುಸ್ತಕದ ಚೀಲದಲ್ಲೇ ಇದೆ. ಬಸ್ಸಿನಲ್ಲಿ ಕೂತಾಗ ತೆಗೆದು ಓದುತ್ತೇನೆ.

ಹೋದ ರವಿವಾರ ಊರಿನಲ್ಲಿ ಬೌದ್ಧ ಧರ್ಮದ ದೀಕ್ಷಾ ಸಮಾರಂಭ. ಲಕ್ಷಾಂತರ ಜನ, ಬಿಳಿ ಬಟ್ಟೆ ಉಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಶನ್ನಿನಿಂದ ನಡೆದೇ ಬಂದರು. ನಮ್ಮ ‘ಓಸರಿ’ಯಲ್ಲಿ ಯಾರು ಎಲ್ಲಿ ನಿಂತು ಬರೆದುಕೊಳ್ಳಬೇಕು ಅಂತ ಘಾಟೆ ಶನಿವಾರವೇ ಹಂಚಿದ. ಐದು ಜನರ ಹೆಸರು ಓದಿ ಕಾಗದ ಮಡಚಿದ. ನನ್ನದು? ಅಂದೆ. ಗರ್ದಿಯಲ್ಲಿ ನೀವು ಬೇಡ, ದೀಪಾವಳಿ ಸಂಚಿಕೆಗೆ ಚಕ್ಕುಲಿ ಬರೆದು ಮುಗಿಸಿ ಅಂದ. ಮನೆಯ ಕಟ್ಟೆಯ ಮೇಲೆ ನಿಂತು ಆ ಮಂದಿ ಹೋಗುವುದನ್ನು ನೋಡಿದೆ. ಅಷ್ಟು ಜನರ ಮಧ್ಯೆ ಮಾತಾಡಿಸಲು ನನಗೆ ಒಬ್ಬರೂ ಇರಲಿಲ್ಲ.

ಇನ್ನೊಂದು ಹೇಳುತ್ತೇನೆ, ಸಣ್ಣ ವಿಷಯ. ಆ ಕೋಣೆಗೆ ನಾಲ್ಕು ಗಂಟೆಗೆ ಚಹಾ ಬರುತ್ತದೆ. ಐದೇ ಕಪ್ಪು. ಎರಡು ತಿಂಗಳಾಯಿತು, ಆರನೆಯದು ಹೇಳಲು ಯಾರಿಗೂ ನೆನಪಾಗುವುದಿಲ್ಲ, ಕೇಳಲು ನನಗೆ ನಾಚಿಕೆ. ಅವರು ಕುಡಿಯುವಾಗ ನಾನು ಪ್ರೂಫ್ ನೋಡುವವಳ ಹಾಗೆ ತಲೆ ಬಗ್ಗಿಸಿ ಕೂರುತ್ತೇನೆ.

ಸೋಮವಾರ ಸಿಟ್ಟು ಬಂದು, ಚಕ್ಕುಲಿ ಬರೆಯುವುದಿಲ್ಲ ಅಂದುಬಿಟ್ಟೆ. ಹಾಗಾದರೆ ಗುರುವಾರದೊಳಗೆ ಬೇರೆ ಏನಾದರೂ ಒಳ್ಳೆಯದು ಬರೆದು ಕೊಡಿ, ಇಲ್ಲದಿದ್ದರೆ ಜಾಗ ಬಿಡಿ ಅಂದ ಘಾಟೆ. ಎರಡು ಮಧ್ಯಾಹ್ನ ಕೂತೆ. ಒಂದು ಸಾಲು ಬರಲಿಲ್ಲ. ನನಗೆ ಏನೂ ಆಗಿಯೇ ಇಲ್ಲ, ವೇಣಿ. ಬಸ್ಸು ಹತ್ತುತ್ತೇನೆ, ಇಳಿಯುತ್ತೇನೆ. ಇದನ್ನು ಯಾರು ಓದುತ್ತಾರೆ?

ಬುಧವಾರ ಏನೋ ಬರೆದೆ. ಘಾಟೆ ಎರಡು ಸಲ ಓದಿದ. ಅಚ್ಚಾಗುತ್ತದಂತೆ. ಒಬ್ಬ ಹೊಸ ಮದುಮಗಳ ವಿಷಯ. ಕಲ್ಪನೆ.

ವಸು

*

ಬೆಳಗಾವಿ
೧೨ ನವೆಂಬರ್ ೧೯೫೬

ವಸು,

ಒಂದನೇ ತಾರೀಖಿನಿಂದ ನೀನು ಮುಂಬಯಿ ರಾಜ್ಯದವಳು, ನಾನು ಮೈಸೂರಿನವಳು. ಇಬ್ಬರೂ ಮನೆಯಿಂದ ಕದಲಲಿಲ್ಲ. ಇಲ್ಲಿ ಬೀದಿಯಲ್ಲಿ ದಿನಾ ಮೆರವಣಿಗೆ, ಕೆಲವರು ಸಿಹಿ ಹಂಚಿದರು, ಕೆಲವರು ಬಾಗಿಲು ಹಾಕಿಕೊಂಡರು. ಅತ್ತೆ ತಮ್ಮ ಮರಾಠಿ ಪೇಪರು ತಪ್ಪದೆ ಬರುತ್ತದೋ ಇಲ್ಲವೋ ಅಂತ ಅಷ್ಟೇ ಕೇಳಿದರು.

ನಿನ್ನ ಹೆಸರು ಅಚ್ಚಾಯಿತಲ್ಲ. ಬಾವಿಯ ಹತ್ತಿರ ಹೋಗಿ ಅದನ್ನೂ ಒಂದು ಸಲ ಅಂದೆ. ಅಂಟು ಕುದಿಸುತ್ತಿದ್ದವಳು ನನ್ನನ್ನು ಹಿಂದೆ ಹಾಕಿದಳು ಅಂತ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಮದುಮಗಳ ವಿಷಯ ನಿನಗೇನು ಗೊತ್ತು, ಹುಚ್ಚಿ? ಆ ಪತ್ರಿಕೆಯನ್ನು ಮಾತ್ರ ಇಲ್ಲಿಗೆ ಕಳಿಸಬೇಡ. ಮರಾಠಿ ಅಂದಮೇಲೆ ಅತ್ತೆ ನನಗಿಂತ ಮೊದಲು ಓದುತ್ತಾರೆ. ಕನ್ನಡಕ್ಕೆ ಇಳಿಸಿ ಪತ್ರದಲ್ಲಿ ಬರೆದು ಕಳಿಸು. ಕಾಯುತ್ತೇನೆ.

ಮೊದಲ ದೀಪಾವಳಿಗೆ ತವರಿಗೆ ಹೋಗುವುದು ಪದ್ಧತಿ. ಅಪ್ಪನಿಗೆ ರಜೆ ಸಿಗಲಿಲ್ಲ, ಆರತಿ ಎತ್ತಲು ಅಲ್ಲಿ ಅವ್ವನೂ ಇಲ್ಲ. ಇಲ್ಲೇ ಆಯಿತು. ಅತ್ತೆ ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಒತ್ತಿದರು. ಅವರ ಕೈ ಒರಟು, ಆದರೆ ಬಹಳ ಹೊತ್ತು ಒತ್ತಿದರು. ನನಗೆ ಕಣ್ಣಲ್ಲಿ ನೀರು ಬಂತು. ಎಣ್ಣೆ ಹೋಯಿತು ಅಂದೆ. ಎಣ್ಣೆ ಹೋದರೆ ಎರಡೂ ಕಣ್ಣಿಗೆ ಒಮ್ಮೆಲೇ ಹೋಗುವುದಿಲ್ಲ ಅಂತ ಅವರಿಗೂ ಗೊತ್ತಿರಬೇಕು. ಸೆರಗಿನಿಂದ ಎರಡೂ ಕಣ್ಣು ಒರೆಸಿದರು.

ನಾನೂ ಏನಾದರೂ ಬರೆಯಬಹುದಿತ್ತು ಅಂತ ಒಂದೊಂದು ಸಲ ಅನಿಸುತ್ತದೆ. ನಿನಗೆ ಬರೆಯುವುದೇ ಈಗ ನನ್ನ ಪತ್ರಿಕೆ. ಓದುವವಳು ಒಬ್ಬಳೇ, ಸಾಕು.

ವೇಣಿ

*

ನಾಗಪುರ
೯ ಡಿಸೆಂಬರ್ ೧೯೫೬

ವೇಣಿ,

ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ಈಗ ಕೋಣೆಗೆ ಆರು ಕಪ್ಪು ಚಹಾ ಬರುತ್ತದೆ. ಘಾಟೆಯೇ ಹೇಳಿದ, ವಸುಧಾಬಾಯಿಗೂ ಒಂದು ಅಂತ. ನಿಜ ಹೇಳಬೇಕೆಂದರೆ ಆ ದಿನ ತಳದ ಸಕ್ಕರೆಯವರೆಗೂ ಕುಡಿದೆ. ಮರಾಠಿ ಪ್ರಾಧ್ಯಾಪಕರು ತರಗತಿಯಲ್ಲಿ ನನ್ನ ಲೇಖನ ಓದಿದರು. ಹುಡುಗಿಯರ ಕೋಣೆಯಲ್ಲಿ ನಾನು ಹೋದರೆ ಬೆಂಚಿನ ಮೇಲೆ ಸರಿದು ಜಾಗ ಕೊಡುತ್ತಾರೆ. ಪ್ರಭಾ ಅಂತ ಒಬ್ಬಳು, ಲಗ್ನ ಗೊತ್ತಾಗಿದೆ, ನನ್ನ ಕೈ ಹಿಡಿದು ಅತ್ತುಬಿಟ್ಟಳು. ಎರಡನೆಯ ಲೇಖನವೂ ಬಂತು. ಹೆಚ್ಚು ಉಳಿದ ಪ್ರತಿಗಳನ್ನು ಸಿಬ್ಬಂದಿಯವರು ಮನೆಗೆ ಒಯ್ದು ಹಂಚಬೇಕು. ದೀಪಾವಳಿ ಸಂಚಿಕೆ ಇಪ್ಪತ್ತೈದು ತಂದಿದ್ದೆ. ಹಂಚುವುದಾದರೂ ಯಾರಿಗೆ? ಮಂಚದ ಕೆಳಗೆ ಇಟ್ಟಿದ್ದೇನೆ.

ಕನ್ನಡಕ್ಕೆ ಇಳಿಸಿ ಬರೆಯಲು ಆಗಲಿಲ್ಲ. ಪರೀಕ್ಷೆ ಹತ್ತಿರ ಬಂತು. ಅಂಥದ್ದೇನೂ ಇಲ್ಲ ಅದರಲ್ಲಿ.

ನಿನ್ನ ಪತ್ರಗಳು ಈಚೆಗೆ ಸಣ್ಣವಾಗಿವೆ. ಬರೆ. ಮನೆಯಲ್ಲಿ ಏನು ನಡೆಯಿತು, ಅತ್ತೆ ಏನಂದರು, ಎಲ್ಲ ಬರೆ. ಸಂಕ್ರಾಂತಿಗೆ ಕಾಕಾ ನಿಮ್ಮ ಮನೆಗೆ ಕಿತ್ತಳೆ ಬುಟ್ಟಿ ಕಳಿಸುತ್ತಾರೆ. ಬುಟ್ಟಿ ಕಟ್ಟಿಕೊಡುವುದು ನಮ್ಮ ಅವ್ವ. ಕಾಕಾ ಭುಸಾವಳದವರೆಗೆ ಒಯ್ಯುತ್ತಾರೆ. ಅಲ್ಲಿಂದ ಪುಣೆ, ಮಿರಜ, ನಮ್ಮ ಕನ್ನಡದ ಗಾರ್ಡುಗಳ ಕೈಯಿಂದ ಕೈಗೆ ಬೆಳಗಾವಿ ಮುಟ್ಟುತ್ತದೆ.

ವಸು

*

(ಮರಾಠಿಯಲ್ಲಿ ಬರೆದ ಪೋಸ್ಟ್ ಕಾರ್ಡ್)

ಬೆಳಗಾವಿ
೧೮ ಜಾನೇವಾರಿ ೧೯೫೭

ಕುಮಾರಿ ವಸುಧಾ ಇವರಿಗೆ,

ಕಿತ್ತಳೆಯ ಬುಟ್ಟಿ ಸಂಕ್ರಾಂತಿಯ ದಿನ ತಲುಪಿತು. ಎರಡು ಹಣ್ಣು ನಜ್ಜಾಗಿದ್ದವು, ಉಳಿದವು ಚೆನ್ನಾಗಿದ್ದವು. ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಬೇಕು. ಇಲ್ಲಿ ಎಲ್ಲವೂ ಸರಿಯಾಗಿದೆ. ಮನೆಯಲ್ಲಿ ಕೆಲಸ ಹೆಚ್ಚಿರುವುದರಿಂದ ಇನ್ನು ಪತ್ರ ಬರೆಯುವುದು ಆಗಲಾರದು.

ಸೌ. ರಮಾ

*

ನಾಗಪುರ
೨೭ ಜಾನೇವಾರಿ ೧೯೫೭

ವೇಣಿ,

ನಿನ್ನ ಕಾರ್ಡನ್ನು ಅಪ್ಪ ಓದಿ, “ಯಾರವಾ ಈಕಿ ರಮಾ?” ಅಂತ ಕೇಳಿದರು. ಕಿತ್ತಳೆ ಬುಟ್ಟಿ ಅಂತ ಓದಿದ್ದೇ ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ. ದೀಪಾವಳಿ ಸಂಚಿಕೆಯ ಗಂಟು ಅರ್ಧ ಆಗಿತ್ತು.

ಅವ್ವನನ್ನು ಕೇಳಿದೆ. “ಹುಲ್ಲು ಸಾಲಲಿಲ್ಲ, ಹಣ್ಣು ನಜ್ಜ ಆಗತಾವಂತ ಆ ಕಾಗದ ಹಾಸಿದೆ. ಯಾಕ, ಬೇಕಾಗಿತ್ತೇನು?” ಅಂದಳು. ಅವ್ವನಿಗೆ ಮರಾಠಿ ಓದಲು ಬರುವುದಿಲ್ಲ. ನಿನ್ನ ಅತ್ತೆಗೆ ಕನ್ನಡ ಓದಲು ಬರುವುದಿಲ್ಲ. ಇವರಿಬ್ಬರ ನಡುವೆ ನಿನ್ನನ್ನು ಸಿಕ್ಕಿಸಿದವಳು ನಾನು.

ಬಾಯಿ ಬಿಟ್ಟು ಹೇಳುತ್ತೇನೆ, ನಿನಗೆ ತಿಳಿದಿದ್ದರೂ. ಆ ಲೇಖನ ಕಲ್ಪನೆಯಲ್ಲ. ನಿನ್ನ ಆಗಸ್ಟಿನ ಪತ್ರ. ತಾಟು, ಅಕ್ಕಿ, ಡಬ್ಬಿ, ಸಾರು, ಪಂಚಾಂಗ, ಬಾವಿ, ಎಲ್ಲ ನಿನ್ನವೇ ಸಾಲುಗಳು. ಮರಾಠಿಗೆ ಇಳಿಸಿ ಕೆಳಗೆ ನನ್ನ ಹೆಸರು ಹಾಕಿದೆ. ಎರಡನೆಯದು ನಿನ್ನ ದೀಪಾವಳಿಯ ಎಣ್ಣೆ. ಹೆಸರು ಬದಲಿಸಿದ್ದೇನಲ್ಲ, ಬೆಳಗಾವಿ ಎಲ್ಲಿ, ನಾಗಪುರದ ಕಾಲೇಜಿನ ನಾಲ್ಕು ಪುಟ ಎಲ್ಲಿ, ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳು. ಆ ಗುರುವಾರ ಕೋಣೆಯಿಂದ ಹೊರಗೆ ಹಾಕಿಬಿಡುತ್ತಾರೆ ಅಂತ ಹೆದರಿದ್ದೆ, ಬೇರೆ ಏನೂ ಯೋಚಿಸಲಿಲ್ಲ. ಡಿಸೆಂಬರಿನಲ್ಲಿ ಎಲ್ಲ ಬರೆ ಅಂತ ನಿನ್ನನ್ನು ಕೇಳಿದ್ದು ಯಾಕೆ ಅಂತ ಈಗ ನಿನಗೆ ಗೊತ್ತು.

ಅಚ್ಚಾದದ್ದನ್ನು ಹಿಂದೆ ತರಲಾರೆ. ಪ್ರೆಸ್ಸಿನಲ್ಲಿ ಆ ಪುಟದ ಅಚ್ಚಿನ ಮೊಳೆಗಳನ್ನು ಬಿಚ್ಚಿ ಎಂದೋ ಅಕ್ಷರಗಳ ಖಾನೆಗಳಿಗೆ ಹಾಕಿದ್ದಾರೆ. ಒಂದು ಮಾಡಬಹುದು. ಇವು ನನ್ನವಲ್ಲ, ಕೃಷ್ಣವೇಣಿಯವು ಅಂತ ಪತ್ರಿಕೆಯಲ್ಲೇ ಹಾಕಿಸಬಹುದು. ಆದರೆ ನಿನ್ನ ಹೆಸರು ಹಾಕಿದರೆ ಅಲ್ಲಿ ಇನ್ನಷ್ಟು ತೊಂದರೆ. ಹಾಕದಿದ್ದರೆ ಕದ್ದದ್ದು ನನ್ನಲ್ಲೇ ಉಳಿಯುತ್ತದೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಒಂದೇ ಗೆರೆ ಬರೆ. ನನ್ನ ಮೇಲೆ ಸಿಟ್ಟೇ?

ವಸು

*

ನಾಗಪುರ
೧೭ ಫೆಬ್ರುವರಿ ೧೯೫೭

ವೇಣಿ,

ಮೂರು ವಾರ ಕಾದೆ. ನರಹರಿ ಕಾಕಾ ಬಂದಾಗ ಹೋಗಿ ಕೇಳಿದೆ. “ಆರಾಮ ಅದಾಳಂತ. ಕಾರ್ಡ್ ಬಂದದ, ನೋಡು” ಅಂತ ತೋರಿಸಿದರು. ಅದೂ ಮರಾಠಿ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ನನ್ನ ಮಗಳು ನನಗ ಮರಾಠಿ ಯಾಕ ಬರೀತಾಳವಾ?” ಅಂದರು. ಚಹಾ ಮಾಡಿಕೊಟ್ಟು ಬಂದೆ.

ಘಾಟೆಗೆ ಮಾತ್ರ ಎಲ್ಲ ಹೇಳಿದೆ. ಅವನು ನಕ್ಕ. ಎಲ್ಲರೂ ಎಲ್ಲಿಂದಲೋ ತಂದೇ ಬರೆಯುತ್ತಾರೆ, ಇದರಲ್ಲೇನಿದೆ, ಮೂರನೆಯದು ಯಾವಾಗ ಕೊಡುತ್ತೀರಿ ಅಂದ. ಕೊಡುವುದಿಲ್ಲ ಅಂದೆ. ಚಹಾ ಬಂತು, ಕುಡಿಯಲು ಆಗಲಿಲ್ಲ.

ನೀನು ಬೈದು ಬರೆದರೂ ಸರಿ. ಬರೆ.

ವಸು

*

ಬೆಳಗಾವಿ
೧೨ ಮಾರ್ಚ್ ೧೯೫೭

ವಸು,

ನಿನ್ನ ಎರಡೂ ಪತ್ರ ಬಂದಿದ್ದವು. ಒಡೆಯದೆ ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದೆ. ಮೊನ್ನೆ ಒಡೆದೆ.

ಸಂಕ್ರಾಂತಿಯ ದಿನ ಬುಟ್ಟಿ ಬಂದಾಗ ಅತ್ತೆಗೆ ಬಹಳ ಸಂತೋಷ. “ನಿಮ್ಮಪ್ಪ ಮರೀಲಿಲ್ಲ ನೋಡು” ಅಂದರು. ತಾವೇ ಹಣ್ಣು ಒಂದೊಂದಾಗಿ ತೆಗೆದು ಹರಿವಾಣದಲ್ಲಿ ಜೋಡಿಸಿದರು. ಅಡಿಯಲ್ಲಿದ್ದ ಕಾಗದ ತೆಗೆದು, ಎಂದಿನ ಹಾಗೆ ಸುಕ್ಕು ತೀಡಿ, ತೂಗುಮಂಚದ ಮೇಲೆ ಕೂತರು. ನಾನು ಒಳಗೆ ಎಳ್ಳು ಹುರಿಯುತ್ತಿದ್ದೆ. ತೂಗುಮಂಚದ ಸದ್ದು ನಿಂತಿತು. ಹೊರಗೆ ಬಂದು ನೋಡಿದರೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಕಾರ್ಡು ಕೊಟ್ಟು, ಮರಾಠಿಯಲ್ಲಿ ಬರೆ ಅಂತ ತಾವೇ ಹೇಳಿ ಬರೆಸಿದರು. ನೀನು ಏನು ಅಚ್ಚು ಹಾಕಿದ್ದೀ ಅಂತ ಆಗಲೂ ನನಗೆ ತಿಳಿಯದು. ಅವರು ಹೊರಗೆ ಹೋದಾಗ ಹಾಸಿಗೆಯ ಕೆಳಗಿನಿಂದ ತೆಗೆದು ಓದಿದೆ. ನನ್ನ ಮಾತು ಪರಭಾಷೆಯಲ್ಲಿ ಬಹಳ ಚೆಂದ ಕಾಣುತ್ತಿತ್ತು, ವಸು. ಕೆಳಗೆ ನಿನ್ನ ಹೆಸರಿತ್ತು.

ಅಂದಿನಿಂದ ಅತ್ತೆ ನನ್ನನ್ನು ಕರೆಯುವುದು ಬಿಟ್ಟರು. ಹಾಲು ಉಕ್ಕಿದರೆ ತಾವೇ ಓಡಿ ಇಳಿಸುವರು. ರಮಾ ಅಂತ ದಿನಕ್ಕೆ ನಲವತ್ತು ಸಲ ಕರೆಯುತ್ತಾರೆ ಅಂತ ದೂರಿದವಳು ನಾನು. ಒಂದು ಸಲವೂ ಕರೆಯದ ಮನೆಯಲ್ಲಿ ಇರುವುದು ಹೇಗಿರುತ್ತದೆ ಅಂತ ಆಮೇಲೆ ತಿಳಿಯಿತು. ಆರು ವಾರ ಹಾಗೇ ಹೋಯಿತು.

ಶಿವರಾತ್ರಿಯ ದಿನ ಉಪವಾಸ, ಒಲೆಯ ಕೆಲಸ ಇರಲಿಲ್ಲ. ಕೈ ಮಾಡಿ ಹತ್ತಿರ ಕರೆದು ಕೂರಿಸಿಕೊಂಡರು. ಆ ಕಾಗದ ತೆಗೆದರು.

“ಇದನ್ನ ಬರದಾಕಿ ಯಾರು?”

“ನನ್ನ ಗೆಳತಿ ರೀ. ವಸುಧಾ.”

“ಆಕಿಗೆ ಲಗ್ನ ಆಗೇದೇನು?”

“ಇಲ್ಲರೀ.”

“ಲಗ್ನ ಆಗಲಾರದಾಕಿಗೆ ನಮ್ಮ ಅಕ್ಕಿ ಡಬ್ಬಿ ಹೆಂಗ ಗೊತ್ತು? ಇದು ನೀ ಬರದದ್ದು.”

ಹೌದು ಅಂದೆ. ಬೈಗಳಕ್ಕೆ ಕಾದು ಕೂತೆ.

“ಮತ್ತ ನಿನ್ನ ಹೆಸರು ಯಾಕ ಇಲ್ಲ?” ಅಂದರು.

ನಾನು ಕಾಗದದ ಕೆಳಗಿನ ನಿನ್ನ ಹೆಸರನ್ನೇ ನೋಡಿದೆ. ಅವರೇ ಮಾತಾಡಿದರು. “ರಮಾ ಅಂದ್ರ ಪಂಚಾಂಗದಾಗಿನ ಹೆಸರಲ್ಲ. ನನ್ನ ತವರುಮನಿ ಹೆಸರು. ಒಂಬತ್ತು ವರ್ಷದಾಕಿ ಇದ್ದೆ, ಈ ಮನಿಗೆ ತಂದು ಅಕ್ಕಿ ಮ್ಯಾಲೆ ಕಾಶಿ ಅಂತ ಬರದ್ರು. ನಮ್ಮವ್ವ ಇರೂತನಕ ಆಕಿ ಒಬ್ಬಾಕಿ ಹಳೇ ಹೆಸರು ಹಿಡದು ಕರೀತಿದ್ದಳು. ಆಕಿ ಹೋದ ಮ್ಯಾಲೆ ಯಾರೂ ಇಲ್ಲ. ಒಮ್ಮೆ ಮತ್ತ ಕೇಳಬೇಕು ಅನಸ್ತು. ನನ್ನನ್ನ ಯಾರು ಕರೀತಾರ? ಅದಕ್ಕ ನಿನಗ ಇಟ್ಟು ನಾನೇ ಕರಕೊಂಡೆ.”

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. ಕಾಗದವನ್ನು ನನ್ನ ತೊಡೆಯ ಮೇಲೆ ಇಟ್ಟು ಹೇಳಿದರು, “ನಾ ನಿನ್ನ ಹೆಸರು ಒಂದು ಸಲ ತಗೊಂಡೆ. ನಿನ್ನ ಗೆಳತಿ ಎರಡನೇ ಸಲ ತಗೊಂಡಾಳ.”

ಮನೆಯಲ್ಲಿ ಏನಂತ ಕರೆಯುತ್ತಿದ್ದರು ಅಂತ ಕೇಳಿದರು. ವೇಣಿ ಅಂದೆ. ಎರಡು ಮೂರು ಸಲ ಬಾಯಲ್ಲಿ ಅಂದು ನೋಡಿದರು. ಈಗ ಹಾಗೇ ಕರೆಯುತ್ತಾರೆ. ಮರೆತು ರಮಾ ಅಂದರೂ ಹೋಗುತ್ತೇನೆ. ಮಧ್ಯಾಹ್ನ ಬಾವಿಯ ಹತ್ತಿರ ಹೋಗುವುದು ಬಿಟ್ಟಿದ್ದೇನೆ.

ಸಿಟ್ಟೇ ಅಂತ ಕೇಳಿದ್ದೀ. ಸಿಟ್ಟಿದೆ. ಅತ್ತೆಯ ಮನೆಯ ಮಾತನ್ನು ನಾನು ಅವರನ್ನು ಕೇಳದೆ ನಿನಗೆ ಬರೆದೆ, ನೀನು ನನ್ನನ್ನು ಕೇಳದೆ ಊರಿಗೆ ಹೇಳಿದೆ. ನಾನೇನೂ ದೊಡ್ಡವಳಲ್ಲ. ಆದರೂ ಸಿಟ್ಟಿದೆ. ನನ್ನ ಹೆಸರು ಹಾಕಿಸು. ಕೃಷ್ಣವೇಣಿ ಅಂತ ಅಷ್ಟೇ, ಮುಂದೆ ಮನೆತನದ ಹೆಸರು ಬೇಡ. ಅತ್ತೆಯೂ ಹಾಕಲಿ ಅಂದಿದ್ದಾರೆ.

ಆದರೆ ಇನ್ನು ಮೇಲೆ ನಿನಗೆ ಬರೆಯಲು ನನ್ನಿಂದ ಆಗುವುದಿಲ್ಲ. ಕಾಗದ ಮುಂದೆ ಇಟ್ಟುಕೊಂಡರೆ ನಿನ್ನ ಜೊತೆ ಘಾಟೆ, ಆ ಹುಡುಗರು, ಪ್ರಾಧ್ಯಾಪಕರು, ಆ ಪ್ರಭಾ, ಎಲ್ಲರೂ ಕೂತು ಓದುತ್ತಿದ್ದಾರೆ ಅನಿಸುತ್ತದೆ. ಈ ಸಾಲನ್ನು ನೀನು ತೆಗೆದುಕೊಳ್ಳುತ್ತೀಯೋ ಬಿಡುತ್ತೀಯೋ ಅಂತ ಯೋಚಿಸಿ ಬರೆಯುತ್ತೇನೆ. ಇದನ್ನೂ ಹಾಗೇ ಬರೆದೆ. ಇದು ನಿನಗೊಬ್ಬಳಿಗೆ ಬರೆದ ಪತ್ರವಲ್ಲ, ವಸು. ಒಬ್ಬಳಿಗೇ ಬರೆಯುವುದು ಅಂತ ನನಗೆ ಇದ್ದದ್ದು ಅದೊಂದೇ.

ನಿಮ್ಮವ್ವನಿಗೆ, ವತ್ಸಲಾ ಕಾಕುಗೆ, ಏನೂ ಅನ್ನಬೇಡ. ಹಣ್ಣು ಕೆಡಬಾರದು ಅಂತ ಮಾಡಿದ್ದು ಅವರು.

ಕೃಷ್ಣವೇಣಿ

*

ನಾಗಪುರ
೩೧ ಮಾರ್ಚ್ ೧೯೫೭

ವೇಣಿ,

ಇದನ್ನು ಪತ್ರ ಅಂತ ತಿಳಿಯಬೇಡ. ಬುಟ್ಟಿಯ ಜೊತೆ ಬರುವ ಚೀಟಿ. ಮರುಹಂಗಾಮಿನ ಕಿತ್ತಳೆ ಬಂದಿದೆ, ಕಾಕಾ ನಾಳೆ ಭುಸಾವಳಕ್ಕೆ ಹೊರಡುತ್ತಾರೆ.

ಹೋದ ವಾರದ ‘ಓಸರಿ’ಯ ಮೊದಲ ಪುಟದಲ್ಲಿ ಹಾಕಿಸಿದೆ. ಘಾಟೆ ಕೊನೆಯ ಪುಟದ ಮೂಲೆಯಲ್ಲಿ ಸಾಕು ಅಂದ. ನಾನು ಪ್ರೆಸ್ಸಿಗೆ ಹೋಗಿ ಮೊಳೆ ಜೋಡಿಸುವವರ ಪಕ್ಕದಲ್ಲೇ ನಿಂತೆ. ಬರೆದದ್ದು ಇಷ್ಟು: ‘ದೀಪಾವಳಿ ಮತ್ತು ಡಿಸೆಂಬರ್ ಸಂಚಿಕೆಗಳಲ್ಲಿ ನನ್ನ ಹೆಸರಿನಲ್ಲಿ ಬಂದ ಎರಡು ಲೇಖನಗಳು ನನ್ನವಲ್ಲ. ಬರೆದವಳು ಕೃಷ್ಣವೇಣಿ. ಅವಳು ನನಗೊಬ್ಬಳಿಗೆ ಬರೆದದ್ದನ್ನು ಅವಳನ್ನು ಕೇಳದೆ ತೆಗೆದುಕೊಂಡೆ.’ ಕೆಳಗೆ ನನ್ನ ಹೆಸರು. ಇದಕ್ಕೆ ಮಾತ್ರ ‘ವಸುಧಾ ಹುಯಿಲಗೋಳ’ ಅಂತ ಪೂರ್ತಿ ಹಾಕಿದರು. ಎಂಟು ತಿಂಗಳಲ್ಲಿ ಮೊದಲ ಸಲ ತಪ್ಪಿಲ್ಲದೆ ಬಂತು.

ಆ ಹಾಳೆಯನ್ನು ನಿನಗೆ ಕಳಿಸುತ್ತಿಲ್ಲ. ಶ್ರೀಮತಿ ಕಾಶಿಬಾಯಿಯವರ ಹೆಸರಿಗೆ ಬೇರೆ ಅಂಚೆಯಲ್ಲಿ ಹಾಕಿದ್ದೇನೆ. ಹೆಸರು ಯಾಕೆ ಇಲ್ಲ ಅಂತ ಮೊದಲು ಕೇಳಿದವರು ಅವರು.

ಕೋಣೆಗೆ ಈಗಲೂ ಹೋಗುತ್ತೇನೆ. ಆರು ಕಪ್ಪು ಚಹಾ ಬರುತ್ತದೆ, ಮಾತು ಬರುವುದಿಲ್ಲ. ಪ್ರಭಾ ಬೆಂಚಿನ ಮೇಲೆ ಚೀಲ ಇಟ್ಟುಕೊಳ್ಳುತ್ತಾಳೆ. ಆ ಕೃಷ್ಣವೇಣಿಯಿಂದಲೇ ಇನ್ನಷ್ಟು ತರಿಸಿ ಅಂತ ಘಾಟೆ ಕೇಳಿದ. ಅವಳು ನನಗೆ ಬರೆಯುವುದಿಲ್ಲ ಅಂದೆ. ನಾನು ಪ್ರೂಫ್ ನೋಡುತ್ತೇನೆ. ನನಗೆ ಏನೂ ಆಗಿಲ್ಲ, ಅದಕ್ಕೇ ಬರೆಯಲು ಏನೂ ಇಲ್ಲ ಅಂತ ಒಮ್ಮೆ ಹೇಳಿದ್ದೆ. ಈಗ ಒಂದು ಆಗಿದೆ. ಅದನ್ನು ಯಾರಿಗೂ ಕೊಡುವುದಿಲ್ಲ.

ಬೆಳಿಗ್ಗೆ ನಳದ ಗೋಡೆಗೆ ಸುಣ್ಣ ಬಳಿದರು. ನಮ್ಮ ಅಂಟಿನ ಕಲೆ ಹೋಯಿತು.

ಬುಟ್ಟಿಯನ್ನು ಈ ಸಲ ನಾನೇ ಕಟ್ಟಿದೆ. ಅವ್ವ ಕಾಗದ ಕೊಡಲು ಬಂದಳು, ಬೇಡ ಅಂದೆ. ಬರೀ ಹುಲ್ಲು ಹಾಕಿದ್ದೇನೆ, ವೇಣಿ. ಅಡಿಯವರೆಗೂ ಹುಲ್ಲೇ. ಓದುವುದು ಏನೂ ಇಲ್ಲ.

ವಸುಧಾ